ಬ್ರೇಕ್ ಕಟ್ಟಿದವನೇ ಮೊದಲು

ಅಶ್ವತ್ಥಮ್ಮ ಇನ್ನು ಆ ಕಾರಿಗೆ ಹತ್ತುವುದಿಲ್ಲವೆಂದು ಹೇಳಿದ್ದು ಒಂದು ಮಂಗಳವಾರ ಬೆಳಿಗ್ಗೆ, ಸೊಸೆ ರೂಪ ಅವಳ ತಟ್ಟೆಗೆ ಉಪ್ಪಿಲ್ಲದ ಉಪ್ಪಿಟ್ಟು ಹಾಕುತ್ತಿದ್ದಾಗ. ರೂಪ ಮೊದಲಿಗೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗಿನ ಹೊತ್ತು ಅತ್ತೆ ಏನಾದರೊಂದು ಬೇಡ ಅನ್ನುವುದು ಆ ಮನೆಯಲ್ಲಿ ಹೊಸದಲ್ಲ.

"ಬೇಗ ತಿನ್ನಿ ಅತ್ತೆ. ಏಳೂವರೆ ಆಯ್ತು, ಅವ್ರು ಕಾರು ತೆಗೀತಾವ್ರೆ."

"ನಿನಗೆ ಕಿವಿ ಕೇಳ್ಸಲ್ವಾ? ಆ ಕಾರ್ನಾಗೆ ನಾನು ಕೂರಲ್ಲ ಅಂದೆ."

"ಮತ್ತೆ ಕೋಲಾರಕ್ಕೆ ಎಂಗೆ ಓಗ್ತೀರಾ? ನಡ್ಕೊಂಡಾ?"

"ಓಗ್ದಿದ್ರೆ ಏನಾಯ್ತದೆ, ಸಾಯ್ತೀನಿ. ಅದ್ರಾಗೆ ಕೂತ್ರೂ ಸಾಯ್ತೀನಿ. ಮನ್ಯಾಗೇ ಸತ್ರೆ ಪೆಟ್ರೋಲಾದ್ರೂ ಉಳೀತದೆ."

ಅಶ್ವತ್ಥಮ್ಮನ ಎರಡು ಕಿಡ್ನಿಗಳೂ ಕೈಕೊಟ್ಟು ಎರಡು ವರ್ಷವಾಗಿತ್ತು. ಮಂಗಳವಾರಕ್ಕೊಮ್ಮೆ ಶುಕ್ರವಾರಕ್ಕೊಮ್ಮೆ ಕೋಲಾರದ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಂಚದ ಮೇಲೆ ಮಲಗಬೇಕು. ಅವಳ ರಕ್ತ ಯಂತ್ರದೊಳಗೆ ಹೋಗಿ ಶುದ್ಧವಾಗಿ ಬರಬೇಕು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಿಂದ ಬಂಗಾರಪೇಟೆ ದಾಟಿ ಕೋಲಾರಕ್ಕೆ ಹೋಗಿಬರಲೆಂದು ಮಗ ಮುನೇಶ್ ಇಪ್ಪತ್ತು ವರ್ಷ ದಾಟಿದ ಒಂದು ಮಾರುತಿ 800 ತಂದಿದ್ದ. ಅವನು ಆಂಡರ್ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ವಾರಕ್ಕೆರಡು ದಿನ ರಜೆ ಕೊಡುವ ಸಾಹುಕಾರ ಸಿಕ್ಕಿದ್ದು ಪುಣ್ಯ. ರೂಪ ಅಲ್ಲೇ ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಆ ಎರಡು ದಿನ ಅವಳೂ ಜೊತೆಯವಳಿಗೆ ಒಲೆ ಒಪ್ಪಿಸಿ ಅತ್ತೆಯ ಜೊತೆ ಹೊರಡುತ್ತಿದ್ದಳು.

ಹಿಂದಿನ ಶುಕ್ರವಾರ ವಾಪಸ್ ಬರುವಾಗ ಬಂಗಾರಪೇಟೆಯ ಇಳಿಜಾರಿನಲ್ಲಿ ಮುಂದಿನ ಹಾಲಿನ ಟೆಂಪೊ ಗಕ್ಕನೆ ನಿಂತಿತು. ಮುನೇಶ್ ಬ್ರೇಕ್ ತುಳಿದ. ಟೆಂಪೊ ನಿಂತಿತ್ತು, ಕಾರು ನಿಲ್ಲದೆ ಹೋಗಿ ಅದರ ಹಿಂಬದಿಗೆ ಗುದ್ದಿತು. ಹಿಂದಿನ ಸೀಟಿನಲ್ಲಿದ್ದ ಅಶ್ವತ್ಥಮ್ಮ ಮುಂದಕ್ಕೆ ಬಿದ್ದಳು, ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯೇ ಮುಂದಿನ ಸೀಟಿಗೆ ಬಡಿಯಿತು. ಆ ಕೈಯ ರಕ್ತನಾಳ ಕೆಟ್ಟರೆ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಅವಳಿಲ್ಲ. ಕೈ ಊದಿಕೊಂಡು ನೀಲಿಗಟ್ಟಿತೇ ಹೊರತು ದೇವರ ದಯೆಯಿಂದ ನಾಳ ಉಳಿಯಿತು. ಅವಳ ಧೈರ್ಯ ಮಾತ್ರ ಉಳಿಯಲಿಲ್ಲ.

ಮುನೇಶ್ ಬಾಗಿಲಿಗೆ ಬಂದು ನಿಂತು ಅಮ್ಮನ ಮಾತು ಕೇಳಿದ. ಅವನ ಹುಬ್ಬಿನ ಮೇಲೆ ಇನ್ನೂ ಪ್ಲಾಸ್ಟರ್ ಇತ್ತು.

"ಬ್ರೇಕಿನ ಡಿಸ್ಕು ತಗಡಿನಂಗೆ ಸವೆದೋಗೈತೆ, ಹೊಸದು ಆಕ್ಸಾಣ ಅಂತ ಮೂರು ಸಲ ಯೋಳಿದ್ದೆ," ಎಂದು ಅವನು ಎದುರಿನ ಗೋಡೆಗೆ ಹೇಳಿದ. "ನಾನು ಕೇಜ್ ಬ್ರೇಕ್ ನೋಡ್ದೋನು, ಇದ್ಯಾವ ಲೆಕ್ಕ ಅಂದ್ರು ದೊಡ್ಡೋರು."

ಆ ಗೋಡೆಗೆ ಒರಗಿ ದೊಡ್ಡವರು, ಅಂದರೆ ಅವನ ಅಪ್ಪ ಕೋದಂಡಪ್ಪ, ಕಾಫಿ ಕುಡಿಯುತ್ತಿದ್ದ. ಗಣಿ ಮುಚ್ಚುವವರೆಗೆ ಹದಿನೇಳು ವರ್ಷ, ಆಳುಗಳನ್ನು ಪಾತಾಳಕ್ಕೆ ಇಳಿಸಿ ಹತ್ತಿಸುವ ಕೇಜಿನ ಬ್ರೇಕ್ ಫಿಟರ್ ಆಗಿದ್ದವನು. ಕಾರಿನ ಬ್ರೇಕಿಗೆ ಮೆಕ್ಯಾನಿಕ್ ಯಾಕೆ ಎಂದು ತಾನೇ ಪ್ಯಾಡ್ ಉಜ್ಜಿ, ಅದು ಒತ್ತಿ ಹಿಡಿಯುವ ಸವೆದ ಡಿಸ್ಕನ್ನೇ ಇನ್ನಷ್ಟು ತೇಯಿಸಿ ಕೂರಿಸಿದ್ದವನು ಅವನೇ.

"ಟೆಂಪೊ ಬಾಲ ಇಡ್ಕೊಂಡು ಓಡ್ಸು ಅಂತಾನೂ ನಾನೇ ಯೋಳಿದ್ನಾ?" ಎಂದ ಅವನು. "ಕಾಲು ಬ್ರೇಕ್ ಮ್ಯಾಲೆ, ಕಣ್ಣು ಎಲ್ಲಿತ್ಲಾ ನಿಂದು?"

"ಕಾಲು ಬ್ರೇಕ್ ಮೇಲೇ ಇತ್ತು. ಬ್ರೇಕೇ ಇರ್ಲಿಲ್ಲ!"

"ಗಣಿನಾಗೆ ನಮ್ಮ ಗ್ಯಾಂಗಿಗೆ ಒಂದು ಕಟ್ಟುಪಾಡು ಇತ್ತು. ಬ್ರೇಕ್ ಕಟ್ಟಿದೋನೇ ಮೊದಲ್ನೇ ಕೇಜ್‌ನಾಗೆ ಇಳೀಬೇಕು. ಹದ್ನೇಳು ವರ್ಷ ಇಳಿದಿವ್ನಿ, ಮೇಲೂ ಬಂದಿವ್ನಿ. ನನಗೆ ಬ್ರೇಕ್ ಯೋಳ್ಕೊಡಕ್ಕೆ ಬತ್ತೀಯಾ?"

ಅಶ್ವತ್ಥಮ್ಮ ಉಪ್ಪಿಟ್ಟಿನ ತಟ್ಟೆ ದೂರ ತಳ್ಳಿದಳು.

"ಅಂಗಾದ್ರೆ ಕಟ್ಟಯ್ಯಾ. ಕಟ್ಬುಟ್ಟು ನೀನು ಕಾರಿನ ಮುಂದೆ ಓಗಿ ನಿಂತ್ಕೋ. ನಿನ್ನ ಮಗ ಓಡಿಸ್ಕೊಂಡು ಬರ್ಲಿ. ನಿಂತ್ರೆ ಆಮ್ಯಾಕೆ ನಾನು ಕೂತ್ಕಂತೀನಿ."

ಸಿಟ್ಟಿಗೆ ಆಡಿದ ಮಾತು ಎಂದು ರೂಪ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಮಗ ಮಾತು ಬಿಟ್ಟದ್ದು ಅವತ್ತಿನಿಂದ. ಒಂದೇ ಸೂರಿನಡಿ, ಎರಡೇ ಕೋಣೆಯ ಮನೆಯಲ್ಲಿ ಇಬ್ಬರು ಗಂಡಸರು ಮಾತು ಬಿಟ್ಟರೆ ಅದರ ಭಾರವೆಲ್ಲ ಮನೆಯ ಹೆಂಗಸಿನ ಮೇಲೆ. 'ನಿಮ್ಮ ಮಾವನಿಗೆ ಯೋಳು', 'ನಿನ್ನ ಗಂಡನಿಗೆ ಯೋಳು' ಎಂದು ಇಬ್ಬರೂ ಮೊಳದ ದೂರದಲ್ಲಿ ಕೂತು ಮುದ್ದೆ ಮುರಿಯುತ್ತ ಅವಳನ್ನೇ ಟಪಾಲು ಮಾಡಿಕೊಂಡರು.

ಅವತ್ತು ಆಟೊದಲ್ಲಿ ಹೋದರು. ಶುಕ್ರವಾರವೂ ಆಟೊ. ಡಯಾಲಿಸಿಸ್ ಮುಗಿಸಿ ಬಿ.ಪಿ. ಇಳಿದ ಹೆಂಗಸು ಹೊಂಡಗಳ ರಸ್ತೆಯಲ್ಲಿ ಒಂದೂವರೆ ಗಂಟೆ ಆಟೊದಲ್ಲಿ ಕುಲುಕುವುದೆಂದರೆ ಅದು ಶಿಕ್ಷೆಯೇ. ದಾರಿಯುದ್ದಕ್ಕೂ ಅಶ್ವತ್ಥಮ್ಮ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಹಲ್ಲು ಕಚ್ಚಿ ಮಲಗಿದ್ದಳು.

ಇತ್ತ ಕೋದಂಡಪ್ಪ ಆಂಡರ್ಸನ್‌ಪೇಟೆಯ ಪೆರುಮಾಳನ ಗುಜರಿಗೆ ನಡೆದುಕೊಂಡು ಹೋದ. ಅಷ್ಟೇ ಅಳತೆಯ ಹೊಸ ಡಿಸ್ಕ್ ಹಾಕಿಸಿದರೆ ಸಾಲದೇ ಎಂದು ಮುನೇಶ್ ರೂಪಳ ಮೂಲಕ ಕೇಳಿಸಿದ್ದ. ಮಾವ ರೂಪಳಿಗೇ ಉತ್ತರ ಕೊಟ್ಟ: "ಅವಳು ಎದರ್ಕೊಂಡವಳೆ ಕಣಮ್ಮ. ಮೊದಲಿದ್ದಂಗೇ ಇದ್ರೆ ಕೂರಲ್ಲ. ಇದಕ್ಕಿಂತ ದೊಡ್ಡ ಬ್ರೇಕೇ ಆಗ್ಬೇಕು." ಪೆರುಮಾಳನ ಹತ್ತಿರ ಅಪಘಾತಕ್ಕೆ ಸಿಕ್ಕಿದ ಒಂದು ಜೆನ್ ಕಾರು ಬಂದಿತ್ತು. ಅದರ ಮುಂದಿನ ಡಿಸ್ಕ್ ಅಗಲ, ದಪ್ಪ. ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಕೂಡ ದೊಡ್ಡದು. ತೂತು ಹೊಂದಿಸಿಕೊಂಡು ಚಿಕ್ಕ ಕಾರಿಗೆ ಕೂರಿಸಬಹುದು ಎನ್ನುವುದು ಅವನ ಲೆಕ್ಕ.

ಮಾರನೆಯ ದಿನ ಶಾಲೆಯ ಕೆಲಸ ಮುಗಿಸಿ ರೂಪ ಮಾವನಿಗೆ ಊಟದ ಡಬ್ಬಿ ಹಿಡಿದು ಗುಜರಿಗೆ ಹೋದಳು. ಆ ಜೆನ್ ಕಾರು ಕಬ್ಬಿಣದ ರಾಶಿಯ ನಡುವೆ ಚಕ್ರಗಳನ್ನು ಮೇಲೆ ಮಾಡಿಕೊಂಡು ಬೆನ್ನಡಿಯಾಗಿ ಬಿದ್ದಿತ್ತು. ಕೋದಂಡಪ್ಪ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಲಿಪರ್ ಬಿಚ್ಚುತ್ತಿದ್ದ. ಬಿಚ್ಚಿದ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ 'ಎಡ', 'ಬಲ' ಎಂದು ದುಂಡಗೆ ಬರೆದಿಟ್ಟ.

"ನಿಮ್ ಮಾವ ಗಣಿ ಕಾಲದ ಶಿಸ್ತು ಬಿಟ್ಟಿಲ್ಲಮ್ಮಾ," ಎಂದು ಪೆರುಮಾಳ್ ನಕ್ಕ. "ನಮ್ ಉಡ್ಗರು ಚೀಲಕ್ಕೆ ತುಂಬ್ಕೊಂಡು ಓಗ್ತಾರೆ. ಅಣ್ಣ ಎಸರು ಬರೀತಾರೆ."

"ಬರೆಯದೋನು ಆಮ್ಯಾಕೆ ತಲೆ ಕೆರ್ಕೊಂಡು ಕೂತ್ಕೋಬೇಕು," ಎಂದ ಕೋದಂಡಪ್ಪ ಜಂಬದಿಂದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡು ರೂಪಳಿಗೂ ಹಿತವಾಯಿತು. ಡಬ್ಬಿಯ ಕೆಳಗೆ ಅವನಿಗಿಷ್ಟವಾದ ಹುರಿಗಾಳು ಇಟ್ಟಿದ್ದಳು, ಅದನ್ನು ಅವನು ಪೆರುಮಾಳನಿಗೂ ಹಂಚಿ ತಿಂದ.

ಎರಡನೆಯ ವಾರ ಮನೆಯ ಮುಂದಿನ ಜಾಗವೆಲ್ಲ ಸ್ಪ್ಯಾನರು, ಗ್ರೀಸು, ಹಳೆ ಗೋಣಿತಾಟು. ದೊಡ್ಡ ಕ್ಯಾಲಿಪರಿಗೆ ಹಳೆ ಚಕ್ರ ತಗುಲುತ್ತದೆಂದು ಜೆನ್‌ನ ಚಕ್ರಗಳೂ ಬಂದವು. ಲೇತ್‌ನಲ್ಲಿ ತೂತು ಕೊರೆಸಿದ ಪಟ್ಟಿಗಳು ಬಂದವು. ಅವೆಲ್ಲ ಬರಲು ರೂಪಳ ಕಿವಿಯೋಲೆ ಹೋಯಿತು. ಅದನ್ನು ಅವಳೇ ಬಿಚ್ಚಿಕೊಟ್ಟಳು, ಯಾರೂ ಕೇಳಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಆ ಬೇಸರ ಅವಳ ಹೊಟ್ಟೆಯಲ್ಲಿ ಉಳಿಯಿತು.

ಆ ವಾರದ ಮಂಗಳವಾರ ಆಸ್ಪತ್ರೆಯಲ್ಲಿ ನರ್ಸ್ ಇಂದ್ರಾಣಿ ಯಂತ್ರ ಸಿದ್ಧ ಮಾಡುವುದನ್ನು ರೂಪ ಎಂದಿನಂತೆ ನೋಡುತ್ತ ನಿಂತಿದ್ದಳು. ರಕ್ತ ಸೋಸುವ ಉದ್ದನೆಯ ಕೊಳವೆಯನ್ನು ಇಂದ್ರಾಣಿ ಬಾಯಿ ಮೇಲೆ ಮಾಡಿ ಹಿಡಿದು ಅಂಗೈಯಿಂದ ಟಪಟಪ ತಟ್ಟುತ್ತಿದ್ದಳು. ಗುಳ್ಳೆಗಳು ಸಾಲುಗಟ್ಟಿ ಮೇಲೆದ್ದು ಹೊರಟವು.

"ದಿನಾ ಇದೇನು ಸಿಸ್ಟರ್, ಮಗೀನ ಬೆನ್ನು ತಟ್ಟಿದಂಗೆ?"

"ಗಾಳಿ ಉಳಿದ್ರೆ ನಿಮ್ಮತ್ತೆ ಉಳಿಯಲ್ಲ ರೂಪಾ. ಗಾಳಿ ಮೇಲಕ್ಕೆ ತಾನೇ ಓಗೋದು? ಅದಕ್ಕೆ ಬಾಯಿ ಮೇಲಿರ್ಬೇಕು. ಬಾಯಿ ಕೆಳಗಿದ್ರೆ ನಾನು ಸಾಯಂಕಾಲದ ತನಕ ತಟ್ಟಿದ್ರೂ ನೀರು ಓಯ್ತದೆ, ಗಾಳಿ ಅಲ್ಲೇ ಕೂತಿರ್ತದೆ."

ಅವತ್ತು ಹಿಂತಿರುಗುವಾಗ ಅಶ್ವತ್ಥಮ್ಮ ಆಟೊದಲ್ಲೇ ಎಚ್ಚರ ತಪ್ಪಿದಳು. ದಾರಿ ಬದಿಯ ಅಂಗಡಿಯವರು ನೀರು ಚಿಮುಕಿಸಿ ಎಬ್ಬಿಸಿದರು. ಮನೆಗೆ ಬಂದವಳೇ ಚಾಪೆಯ ಮೇಲೆ ಬಿದ್ದು, "ಇನ್ನ ಆಟೊನೂ ಬ್ಯಾಡ," ಎಂದಳು.

ಕೋದಂಡಪ್ಪ ಅವಸರಕ್ಕೆ ಬಿದ್ದ. ಗುರುವಾರ ಸಂಜೆಯೊಳಗೆ ಡಿಸ್ಕ್ ಕೂತವು, ಕ್ಯಾಲಿಪರ್ ಕೂತವು. ಉಳಿದದ್ದು ಪೈಪಿನ ಗಾಳಿ ತೆಗೆಯುವ ಕೆಲಸ. ಬ್ರೇಕಿನ ಎಣ್ಣೆಯಲ್ಲಿ ಗಾಳಿ ಸೇರಿಕೊಂಡರೆ ಪೆಡಲ್ ಒತ್ತಿದ್ದೆಲ್ಲ ವ್ಯರ್ಥ. ಚಕ್ರ ಹಿಡಿಯುವುದಿಲ್ಲ, ಕಾಲು ಸುಮ್ಮನೆ ಇಳಿದುಹೋಗುತ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಕ್ಯಾಲಿಪರಿನ ಸಣ್ಣ ನಿಪ್ಪಲ್ ತಿರುಗಿಸಿ ಗಾಳಿ ಬಿಡಬೇಕು. ಮಗ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡು ಒಳಗೆ ಕೂತಿದ್ದ. ಆದ್ದರಿಂದ ಒತ್ತುವ ಕೆಲಸವೂ ರೂಪಳ ಪಾಲಿಗೇ ಬಂತು.

"ಒತ್ತಮ್ಮಾ... ಇಡ್ಕೋ... ಬಿಡು."

ಒತ್ತಿದಳು, ಹಿಡಿದಳು, ಬಿಟ್ಟಳು. ಪೆಡಲ್ ಬೆಣ್ಣೆಯ ಮೇಲೆ ಕಾಲಿಟ್ಟಂತೆ ಇಳಿಯುತ್ತಿತ್ತು. ಒಂದು ಡಬ್ಬಿ ಎಣ್ಣೆ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಇನ್ನೊಂದು ಡಬ್ಬಿ.

"ಈಗೆಂಗೈತೆ?"

"ಅಂಗೇ ಐತೆ ಮಾವ. ತಳಕ್ಕೇ ಓಯ್ತದೆ."

ಆ ಶುಕ್ರವಾರ ಕೋಲಾರಕ್ಕೆ ಹೋಗಲಿಲ್ಲ. ಆಟೊದವನು ಬಂದು ಬಾಗಿಲಲ್ಲಿ ಕಾದು ವಾಪಸ್ ಹೋದ. ಅಶ್ವತ್ಥಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. 

ಪೈಪಿಗೆ ಎಣ್ಣೆ ನೂಕುವ ಸಿಲಿಂಡರೇ ಕೆಟ್ಟಿರಬೇಕೆಂದು ಕೋದಂಡಪ್ಪ ಮತ್ತೆ ಗುಜರಿಗೆ ಹೋಗಿ ಅದನ್ನೂ ತಂದು ಹಾಕಿದ. ಶನಿವಾರ ಒತ್ತು, ಬಿಡು. ಭಾನುವಾರ ಒತ್ತು, ಬಿಡು. ಸೋಮವಾರ ಶಾಲೆಯಲ್ಲಿ ಸಾರಿನ ಸೌಟು ತಿರುಗಿಸುತ್ತ ನಿಂತಾಗಲೂ ರೂಪಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮಾವನ ಮುಖ ದಿನದಿಂದ ದಿನಕ್ಕೆ ಕುಗ್ಗುತ್ತ ಬಂತು. ಊಟಕ್ಕೆ ಕರೆದರೆ ಬಾರದೆ ಕಾರಿನ ಕೆಳಗೇ ಬಿದ್ದಿರುತ್ತಿದ್ದ. ಆ ಮುದುಕನನ್ನು ನೋಡಿದರೆ ಕನಿಕರವೂ ಆಗುತ್ತಿತ್ತು, ಎಳೆದು ಕಪಾಳಕ್ಕೆ ಎರಡು ಕೊಡಬೇಕೆಂದೂ ಅನಿಸುತ್ತಿತ್ತು.

ಮಂಗಳವಾರ ಬೆಳಿಗ್ಗೆ ಮುನೇಶ್ ಯಾರದೋ ಬಾಡಿಗೆ ಕಾರನ್ನೇ ಬಾಗಿಲಿಗೆ ತಂದು ನಿಲ್ಲಿಸಿದ.

"ನಮ್ಮ ಕಾರು ಬ್ಯಾಡಮ್ಮಾ. ಇದು ಹೊಸದು. ಎದ್ದೇಳು."

"ಕಾರೇ ಬ್ಯಾಡ."

"ಮತ್ತೇನು ಬೇಕು ನಿನಗೆ?"

ಅಶ್ವತ್ಥಮ್ಮ ಎದ್ದಳು. ಎದ್ದು ಕಾರಿನ ಕಡೆಗಲ್ಲ, ಅಡುಗೆಮನೆಗೆ ಹೋದಳು. ದಿನಕ್ಕೆ ಅವಳಿಗೆ ನೀರು ಅರ್ಧ ಲೀಟರ್ ಮಾತ್ರ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುವುದರಿಂದ ರೂಪ ಬೆಳಿಗ್ಗೆಯೇ ಒಂದು ಸಣ್ಣ ಬಾಟಲಿಗೆ ಅಳೆದು ತುಂಬಿಡುತ್ತಿದ್ದಳು. ಎರಡು ವರ್ಷ ಅಶ್ವತ್ಥಮ್ಮ ಆ ಬಾಟಲಿಯನ್ನು ಗುಟುಕು ಗುಟುಕಾಗಿ ಸಂಜೆಯವರೆಗೆ ಎಳೆದಿದ್ದಳು. ಈಗ ಬಾಟಲಿಯನ್ನು ಸರಿಸಿ, ಬಿಂದಿಗೆಯಿಂದ ಚೊಂಬು ತುಂಬ ನೀರು ಮೊಗೆದು, ನಿಂತೇ ಗಟಗಟ ಕುಡಿದಳು.

"ಅತ್ತೆ!" ರೂಪ ಓಡಿಬಂದು ಚೊಂಬು ಕಿತ್ತುಕೊಂಡಳು. ಅದು ಖಾಲಿಯಾಗಿತ್ತು.

"ಸಾಕು ಬಿಡಮ್ಮಾ. ಎರಡು ವರ್ಷ ಆಯ್ತು, ಒಟ್ಟೆ ತುಂಬಾ ನೀರು ಕುಡ್ದು."

ರೂಪಳಿಗೆ ಆಗ ತಿಳಿಯಿತು. ಬ್ರೇಕು ಬರೀ ನೆಪ. ಮುದುಕಿ ಸಾಯುವುದೆಂದು ನಿಶ್ಚಯ ಮಾಡಿಕೊಂಡು ಕೂತಿದ್ದಾಳೆ. ಹೊರಗಿನ ಗಂಡಸರಿಗೆ ಅದು ತಿಳಿದಿಲ್ಲ.

ಬುಧವಾರ ಅಶ್ವತ್ಥಮ್ಮನ ಕಾಲು ಊದಿ ಹೊಳೆಯತೊಡಗಿದವು. ಗುರುವಾರ ಅವಳಿಗೆ ಮಲಗಲಾಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬುಗಳನ್ನು ಪೇರಿಸಿ ಗೋಡೆಗೆ ಒರಗಿಸಿ ಕೂರಿಸಿದರು. ಇಂದ್ರಾಣಿಗೆ ಫೋನ್ ಮಾಡಿದರೆ, "ನಾಳೆ ತಪ್ಪಿದ್ರೆ ನನ್ನ ಕೇಳ್ಬೇಡ ರೂಪಾ. ಈಗ್ಲೇ ಕರ್ಕೊಂಡು ಬಾ, ಆಂಬುಲೆನ್ಸ್ ಕರಿ," ಎಂದಳು. ಆಂಬುಲೆನ್ಸ್ ಬಂತು. ಅಶ್ವತ್ಥಮ್ಮ ಮಂಚದ ಕಾಲು ಹಿಡಿದುಕೊಂಡು ಕೂತಳು. ಒಪ್ಪದ ರೋಗಿಯನ್ನು ಎಳೆದೊಯ್ಯಲಾಗದೆಂದು ಬಂದವರು ಸಹಿ ಹಾಕಿಸಿಕೊಂಡು ಹೋದರು.

ಅವರು ಹೋದ ಮೇಲೆ ಹೊರಗಿನಿಂದ ಮಾವನ ದನಿ ಬಂತು.

"ರೂಪಾ, ಬಾರಮ್ಮಾ. ಇನ್ನೊಂದು ಸಲ ಒತ್ತು."

ಅಷ್ಟೇ ಸಾಕಾಯಿತು. ಮೂರು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಬಾಯಿಗೆ ಬಂತು.

"ನಾನು ಒತ್ತಲ್ಲ! ಅಡುಗೆ ನಾನು ಮಾಡ್ಬೇಕು, ಅತ್ತೆ ಕಾಲು ನಾನು ತಿಕ್ಬೇಕು, ಅಪ್ಪನ ಮಾತು ಮಗನಿಗೆ ನಾನೇ ಯೋಳ್ಬೇಕು, ಮಗನ ಮಾತು ಅಪ್ಪನಿಗೆ ನಾನೇ ಯೋಳ್ಬೇಕು, ಓಲೆ ಬಿಚ್ಚಿ ನಾನು ಕೊಡ್ಬೇಕು, ಇನ್ನ ಪೆಡಲೂ ನಾನೇ ಒತ್ಬೇಕಾ? ಒಳಗೆ ಒಬ್ಬಳು ಉಸಿರಿಲ್ದೆ ಕೂತವಳೆ. ನಿಮಗೆ ಯಾರ್ದು ತಪ್ಪು ಅನ್ನೋದೇ ದೊಡ್ಡದಾಗೈತೆ!" ಆಮೇಲೆ ಗಂಡನ ಕಡೆ ತಿರುಗಿದಳು. "ನಿಮಗೆ ಕಾಲಿಲ್ವಾ? ಓಗಿ ಕೂತ್ಕಳಿ. ಮಾತಾಡ್ಬೇಡಿ, ಬರೀ ಒತ್ತಿ!"

ಮುನೇಶ್ ಅವಳನ್ನು ಬೆರಗಾಗಿ ನೋಡಿದ. ಹೋಗಿ ಸೀಟಿನಲ್ಲಿ ಕೂತ. ಸೂರ್ಯ ಗಣಿಯ ಕಸಮಣ್ಣಿನ ಸೈನೈಡ್ ದಿಬ್ಬದ ಹಿಂದೆ ಇಳಿಯುತ್ತಿದ್ದ, ಚಕ್ರದ ಸಂದಿಯಲ್ಲಿ ಕತ್ತಲಾಗಿತ್ತು. ಬೆಳಕು ಹಿಡಿಯಲೆಂದು ರೂಪ ಮೊಬೈಲ್ ಟಾರ್ಚ್ ಹಚ್ಚಿ ಮಾವನ ಪಕ್ಕ ಕೂತಳು. ಇಷ್ಟು ದಿನ ಅವಳು ಸೀಟಿನ ಮೇಲಿದ್ದವಳು, ಚಕ್ರದ ಕಡೆಯ ಕೆಲಸ ಅವಳು ಕಂಡದ್ದೇ ಇಲ್ಲ.

"ಒತ್ತು ಅನ್ನಮ್ಮಾ," ಎಂದ ಕೋದಂಡಪ್ಪ.

"ನೀವೇ ಅನ್ನಿ."

ಮುದುಕ ಚಕ್ರದ ಮೇಲಿಂದ ಮಗನ ಕಡೆ ತಲೆಯೆತ್ತಿದ. "ಒತ್ತು."

ಒಳಗಿನಿಂದ ಪೆಡಲ್ ಕಿರುಗುಟ್ಟಿತು.

ಕೋದಂಡಪ್ಪ ಬೆರಳುಗಳನ್ನು ಕ್ಯಾಲಿಪರಿನ ಅಡಿಗೆ ತೂರಿಸಿ, ತಡಕಾಡಿ, ಸ್ಪ್ಯಾನರ್ ತಿರುಗಿಸಿದ. ಎಣ್ಣೆ ಕೆಳಕ್ಕೆ ತೊಟ್ಟಿಕ್ಕಿತು. ರೂಪ ಬಗ್ಗಿ ನೋಡಿದಳು.

"ಮಾವ, ಗಾಳಿ ಬಿಡೋ ತೂತು ಇದೇನಾ?"

"ಉಂ. ಇದೇ."

"ಇದು ಕೆಳಗೈತಲ್ಲ?"

"ಐತೆ. ಅದಕ್ಕೇನೀಗ?"

"ಗಾಳಿ ಮೇಲಕ್ಕಲ್ವಾ ಓಗೋದು? ಆಸ್ಪತ್ರೇಲಿ ಇಂದ್ರಾಣಿ ಸಿಸ್ಟರ್ ಬಾಯಿ ಮೇಲೆ ಮಾಡ್ಕೊಂಡೇ ತಟ್ಟೋದು. ಕೆಳಗಿದ್ರೆ ಬರೀ ನೀರು ಓಯ್ತದಂತೆ, ಗಾಳಿ ಅಲ್ಲೇ ಕೂತಿರ್ತದಂತೆ."

ಕೋದಂಡಪ್ಪನ ಕೈ ಹಾಗೆಯೇ ನಿಂತಿತು. ಟಾರ್ಚಿನ ಬೆಳಕಿನಲ್ಲಿ ಅವನು ಆ ನಿಪ್ಪಲನ್ನೂ, ಕ್ಯಾಲಿಪರಿನ ಮೇಲೆ ಇನ್ನೂ ಅಳಿಸದಿದ್ದ ತನ್ನದೇ ಸೀಮೆಸುಣ್ಣದ 'ಎಡ'ವನ್ನೂ ನೋಡುತ್ತ ಕೂತ.  ಆಮೇಲೆ ಗ್ರೀಸು ಮೆತ್ತಿದ ಅಂಗೈಯಿಂದ ಹಣೆ ಹಣೆ ಬಡಿದುಕೊಂಡ.

"ಗುಜರಿನಾಗೆ ಆ ಕಾರು ಬೆನ್ನಡಿ ಬಿದ್ದಿತ್ತಮ್ಮಾ. ನಾನು ಕಾರು ನೆಟ್ಟಗೆ ನಿಂತಂಗೇ ಲೆಕ್ಕ ಆಕ್ಕೊಂಡು ಬರ್ದೆ. ಬೆನ್ನಡಿ ಬಿದ್ರೆ ನನ್ನ ಎದುರಿಗೆ ಎಡಗಡೇದು ಬಲಗಡೆ ಬಂದಿರ್ತದೆ... ಅದಲು ಬದಲು ಆಗೋಗೈತೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿವ್ನಿ. ಅದಕ್ಕೇ ತೂತು ಕೆಳಗೆ ಬಂದೈತೆ."

ಬರೆಯದವನು ತಲೆ ಕೆರೆದುಕೊಳ್ಳಬೇಕು ಎಂದಿದ್ದವನು ಬರೆದೇ ಕೆಟ್ಟಿದ್ದ. ಮೂರು ಡಬ್ಬಿ ಎಣ್ಣೆ, ಒಂದು ಸಿಲಿಂಡರು, ಒಂದು ವಾರ. ಆ ವಾರದಲ್ಲಿ ಹೆಂಡತಿ ಹೋಗದೆ ಉಳಿದ ಎರಡು ಸರದಿ.

ಮುನೇಶ್ ಇಳಿದು ಬಂದಿದ್ದ. "ಹದ್ನೇಳು ವರ್ಷ ಕೇಜ್..." ಎಂದು ಬಾಯಿ ತೆರೆದ. ರೂಪ ಅವನನ್ನು ನೋಡಿದಳು. ಅವನು ಮಾತು ಅಲ್ಲಿಗೇ ಬಿಟ್ಟು ಒಂದು ಸ್ಪ್ಯಾನರ್ ಎತ್ತಿಕೊಂಡು ಇನ್ನೊಂದು ಚಕ್ರದ ಕಡೆ ಹೋಗಿ ಕೂತು ಬಿಚ್ಚತೊಡಗಿದ.

ಎಂಟು ಗಂಟೆಗೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಬಂತು. ಒತ್ತು, ಬಿಡು, ಒತ್ತು, ಬಿಡು. ಗುಳ್ಳೆಗಳು ಬುಳುಬುಳು ಎಂದು ಹೊರಬಂದವು. ಮುನೇಶನ ಕಾಲ ಕೆಳಗೆ ಪೆಡಲ್ ಕಲ್ಲಿನ ಹಾಗೆ ನಿಂತಿತು. ಅವನು ರೂಪಳನ್ನು ಕೂಗಿ, "ನಿಮ್ಮ ಮಾವನಿಗೆ ಯೋಳು, ನಿಂತೈತೆ ಅಂತ," ಎಂದ. ಮುದುಕ ಅದನ್ನು ಕೇಳಿಸಿಕೊಂಡು ಕೈ ಒರೆಸಿಕೊಂಡ.

ಶುಕ್ರವಾರ ಬೆಳಿಗ್ಗೆ ಅಶ್ವತ್ಥಮ್ಮನನ್ನು ಹೊಸ್ತಿಲ ಹೊರಗೆ ಕುರ್ಚಿ ಹಾಕಿ ಕೂರಿಸಿದ್ದರು, ಗಾಳಿಯಾದರೂ ಸಿಗಲಿ ಎಂದು. ಒಂದೊಂದು ಉಸಿರಿಗೂ ಅವಳ ಭುಜ ಮೇಲೇಳುತ್ತಿತ್ತು.

"ಬ್ರೇಕ್ ಆಯ್ತು ಅತ್ತೆ. ಓಗಾಣ ಬನ್ನಿ," ಎಂದಳು ರೂಪ.

ಅಶ್ವತ್ಥಮ್ಮ ತಲೆಯಾಡಿಸಿದಳು. ಬೇಡ.

ಕೋದಂಡಪ್ಪ ಹೆಂಡತಿಯನ್ನು ಒಂದು ಗಳಿಗೆ ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ರಸ್ತೆಗಿಳಿದ. ಲೈನ್ ಮನೆಗಳ ಮುಂದಿನ ರಸ್ತೆ ಮುಚ್ಚಿದ ಶಾಫ್ಟಿನ, ಅಂದರೆ ಗಣಿಬಾವಿಯ, ಗೋಡೆಯವರೆಗೆ ಇಳಿಜಾರು. ಅವನು ಕೆಳಗೆ ಹೋಗಿ ಆ ಗೋಡೆಗೆ ಬೆನ್ನು ಮಾಡಿ ರಸ್ತೆಯ ನಟ್ಟನಡುವೆ ನಿಂತ.

"ಮೂವತ್ತರ ಸ್ಪೀಡ್ನಾಗೆ ಬರ್ಲಿ!" ಎಂದು ಅಲ್ಲಿಂದ ಕೂಗಿದ. "ಬಾರ್ಲಾ!"

 ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು.

"ಅವ್ರಿಗೇನು ತಲೆ ಕೆಟ್ಟೈತಾ?" ಎಂದ ಮುನೇಶ್. "ರೂಪಾ, ಪಕ್ಕಕ್ಕೆ ಬರಕ್ಕೆ ಯೋಳು. ಖಾಲಿ ರಸ್ತೇಲಿ ನೋಡಾಣ."

"ಈ ಸಲ ನಾನು ಯೋಳಲ್ಲ. ನೀವೇ ಯೋಳಿ."

ಮುನೇಶ್ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದ. "ಅಪ್ಪಾ! ಪಕ್ಕಕ್ಕೆ ಬಾ ಅಪ್ಪಾ!"

ಮೂರು ವಾರದಲ್ಲಿ ಮಗ ಅಪ್ಪನನ್ನು ಕರೆದು ಆಡಿದ ಮೊದಲ ಮಾತು ಅದು. ಕೋದಂಡಪ್ಪ ಅಲ್ಲಾಡಲಿಲ್ಲ. "ಕಟ್ಟಿದೋನೇ ಮೊದ್ಲು ಕಣ್ಲಾ. ಬಾ," ಎಂದ.

ಮುನೇಶ್ ಸ್ಟೀರಿಂಗ್ ಹಿಡಿದು ಕೂತ.  ಏನಾದರಾದರೆ ಎಳೆಯಲೆಂದು ರೂಪ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕ್ ಹಿಡಿದುಕೊಂಡಳು. ಅವಳಿಗೆ ಗೊತ್ತಿದ್ದ ದೇವರ ಹೆಸರೆಲ್ಲ ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಹಿಂದಿನ ಬಾಗಿಲು ಕಿರ್ ಎಂದಿತು. ಗೋಡೆ ಹಿಡಿದು, ಕಾರು ಹಿಡಿದು, ಅಶ್ವತ್ಥಮ್ಮ ಬಂದು ನಿಂತಿದ್ದಳು.

"ಅತ್ತೆ, ತಡೀರಿ! ಮೊದ್ಲು ನೋಡಾಣ, ಆಮೇಲೆ..."

ಅವಳು ಒಳಗೆ ಬಿದ್ದಂತೆ ಕೂತಳು. ಮಾತಿಗಿಂತ ಉಸಿರೇ ಹೆಚ್ಚಾಗಿ ಬರುತ್ತಿತ್ತು.

"ಹದ್ನೇಳು ವರ್ಷ... ಅವ್ನು ಇಳಿದಾಗೆಲ್ಲ... ಮೇಲೆ ಕಾಯ್ಕೊಂಡು ಕೂತಿದ್ದೆ. ಇವತ್ತು ಕಾಯಕ್ಕೆ... ಉಸ್ರಿಲ್ಲ. ಓಡ್ಸಪ್ಪಾ."

ಕಾರು ಇಳಿಜಾರಿಗೆ ಬಿತ್ತು. ಇಪ್ಪತ್ತು, ಇಪ್ಪತ್ತೈದು, ಮೂವತ್ತು. ಗಾಜಿನಲ್ಲಿ ಮಾವನ ಟವೆಲ್ ದೊಡ್ಡದಾಗುತ್ತ ಬಂತು, ಅವನ ಮುಚ್ಚದ ಕಣ್ಣು ಕಂಡವು. ರೂಪ ಕಣ್ಣು ಮುಚ್ಚಿಬಿಟ್ಟಳು. ಮೈ ಮುಂದಕ್ಕೆ ಬಾಗಿತು. ಟೈರು ಕೀರಿಟ್ಟವು. ಆಮೇಲೆ ಎಂಜಿನ್ ಸದ್ದೊಂದೇ.

ಕಣ್ಣು ತೆರೆದರೆ ಕೋದಂಡಪ್ಪನಿಗೂ ಬಾನೆಟ್ಟಿಗೂ ನಡುವೆ ಎರಡು ಮೊಳ ಜಾಗವಿತ್ತು. ಹ್ಯಾಂಡ್ ಬ್ರೇಕ್ ಮೇಲೆ ಇರಬೇಕಾದ ಅವಳ ಎರಡೂ ಕೈ ಅಲ್ಲಿರಲಿಲ್ಲ, ಹಿಂದಕ್ಕೆ ಚಾಚಿ ಅತ್ತೆಯ ಎದೆಗೆ ಅಡ್ಡಲಾಗಿದ್ದವು. ಅಶ್ವತ್ಥಮ್ಮ ಮುಂದಕ್ಕೆ ಬಿದ್ದಿರಲಿಲ್ಲ.

ಮುದುಕ ನಿಂತ ಜಾಗದಿಂದ ಕದಲಲಾರದೆ ನಿಂತಿದ್ದ.  ಮುನೇಶ್ ಇಳಿದು ಹೋಗಿ, ತೋಳು ಹಿಡಿದು, "ಬಾ ಅಪ್ಪಾ," ಎಂದು ಕರೆತಂದು ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕಕ್ಕೆ ಕೂರಿಸಿದ.

ಕೋಲಾರ ಇನ್ನೂ ದೂರವಿತ್ತು. ಅಶ್ವತ್ಥಮ್ಮನ ಉಸಿರು ಕಾರಿನ ತುಂಬ ಕೇಳಿಸುತ್ತಿತ್ತು, ಮುಟ್ಟುವವರೆಗೆ ಅದು ಉಳಿಯುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಂಗಾರಪೇಟೆಯ ಇಳಿಜಾರಿನಲ್ಲಿ ಮುಂದೆ ಸಾಲು ನಿಂತಿತು. ಮುನೇಶ್ ಬ್ರೇಕ್ ಒತ್ತಿದ, ಕಾರು ನಿಂತಿತು. ಆಗ ಅಶ್ವತ್ಥಮ್ಮ ಕೈ ಚಾಚಿದಳು.

"ನೀರು."

ರೂಪ ಅಳೆದಿಟ್ಟ ಬಾಟಲಿಯನ್ನು ಹೆದರುತ್ತಲೇ ಕೊಟ್ಟಳು. ಪೂರ್ತಿ ಕುಡಿದುಬಿಟ್ಟರೆ ಕಿತ್ತುಕೊಳ್ಳಲೂ ಅವಳಿಗೆ ಕೈ ಬರುವಂತಿರಲಿಲ್ಲ. ಅಶ್ವತ್ಥಮ್ಮ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ತುಂಬ ಹೊತ್ತಿಗೆ ನುಂಗಿದಳು. ಇನ್ನೊಂದು ಗುಟುಕು. ಆಮೇಲೆ ಬಿರಡೆ ತಿರುಗಿಸಿ ಬಾಟಲಿಯನ್ನು ಸೊಸೆಯ ಕೈಗೆ ಹಿಂದಕ್ಕೆ ಕೊಟ್ಟಳು.

"ಎತ್ತಿಡಮ್ಮಾ," ಎಂದಳು. "ಮಿಕ್ಕಿದ್ದು ಸಾಯಂಕಾಲಕ್ಕೆ ಬೇಕು."